ಸ್ಪೀಕರ್ ಬೆನ್ನ ಹಿಂದಿನ ಸದ್ದು

ಟೇಪ್ ರೆಕಾರ್ಡರ್ ಕಾಲದಲ್ಲಿ ಒಂದು ಉಪಾಯ ಚಾಲ್ತಿಯಲ್ಲಿತ್ತು. ಬಿಡಿ ಸ್ಪೀಕರ್ ತಂದು ಮಣ್ಣಿನ ಮಡಕೆಯ ಬಾಯಿಗೆ ಕೂರಿಸುವುದು. ಅಲ್ಲಿಯವರೆಗೆ ಕೀಚಲಾಗಿದ್ದ ಹಾಡಿಗೆ ಒಮ್ಮೆಲೇ ಬಾಸ್, ಅಂದರೆ ತಗ್ಗು ಸ್ವರದ ಗುಂಭ ಸದ್ದು, ಬರುತ್ತಿತ್ತು. ಹಾಗಂತ ಮಡಕೆ ಬಾಸ್ ಹುಟ್ಟಿಸುತ್ತಿರಲಿಲ್ಲ. ಸೋರಿಹೋಗುತ್ತಿದ್ದ ಬಾಸನ್ನು ಉಳಿಸುತ್ತಿತ್ತು, ಅಷ್ಟೆ.

ಸ್ಪೀಕರಿನಲ್ಲಿ ಹಿಂದೆ ಮುಂದೆ ಅದುರುವ ಬಟ್ಟಲಿನಂಥ ಭಾಗವೇ ಕೋನ್. ಅದು ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನದು ಸಡಿಲವಾಗುತ್ತದೆ. ಒತ್ತಿಕೊಂಡ ಗಾಳಿ ಅಂಚು ಸುತ್ತಿ ಹಿಂದಕ್ಕೆ ನುಗ್ಗಿದರೆ ಎರಡೂ ವಜಾ. ಕೀಚಲು ಸದ್ದಿನ ಅಲೆ ಚಿಕ್ಕದು, ಅದಕ್ಕೆ ಈ ಕಾಟ ಕಡಿಮೆ. 50 ಹರ್ಟ್ಸ್ ಬಾಸಿನ ಅಲೆ ಸುಮಾರು 7 ಮೀಟರ್ ಉದ್ದ. ಅಂಗೈಯಗಲದ ಸ್ಪೀಕರ್ ಅದನ್ನು ತಡೆಯುವುದಾದರೂ ಹೇಗೆ?

1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇವತ್ತಿನ ಕೋನ್ ಸ್ಪೀಕರಿನ ಮೂಲ ರೂಪವನ್ನು ಲೋಕದ ಮುಂದಿಟ್ಟರು. ಬೆನ್ನ ಸದ್ದಿನ ಕಾಟ ಅವರಿಗೂ ಗೊತ್ತಿತ್ತು. ಮದ್ದು ಸರಳ: ಸುತ್ತ ಒಂದು ಹಲಗೆ. ಅದೇ ಬ್ಯಾಫಲ್. ಕೊನೆಯೇ ಇಲ್ಲದ ಹಲಗೆಯನ್ನು ಊಹಿಸಿಕೊಂಡರೆ ಅದು 'ಇನ್ಫಿನಿಟ್ ಬ್ಯಾಫಲ್'. ಪಕ್ಕದ ಕೋಣೆಯ ಗೋಡೆಗೆ ತೂತು ಕೊರೆದು ಸ್ಪೀಕರ್ ಇಟ್ಟರೆ ಹೆಚ್ಚುಕಡಿಮೆ ಅದೇ ಆಯಿತು. ಆದರೆ ಬ್ರಿಟನ್ನಿನಲ್ಲಿ ಮುಂದೆ ಸಣ್ಣ ಮುಚ್ಚಿದ ಡಬ್ಬಗಳನ್ನೂ ಇದೇ ಹೆಸರಿನಿಂದ ಕರೆದರು. ಗೊಂದಲ ಶುರುವಾಗಿದ್ದೇ ಇಲ್ಲಿ. ಇವತ್ತು ಕಾರಿನವರು ಡಿಕ್ಕಿಯನ್ನೇ ಡಬ್ಬ ಮಾಡಿಕೊಂಡು ಈ ಹೆಸರು ಹೇಳಿದರೆ, ಅವರೇ ಮೂಲ ಅರ್ಥಕ್ಕೆ ಹತ್ತಿರ.

ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ ಬೇರೆ ದಾರಿ ಹಿಡಿದರು. ಬೆನ್ನ ಸದ್ದನ್ನು ಕೂಡಿಹಾಕುವುದು ಯಾಕೆ, ದುಡಿಸಿಕೊಂಡರೆ ಆಯಿತಲ್ಲ? ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಹೊರಡುತ್ತದೆ, ಅಲ್ವಾ? ಡಬ್ಬಕ್ಕೊಂದು ಕೊಳವೆ ಇಟ್ಟರೂ ಹಾಗೆಯೇ. ಆ ಸ್ವರದ ಆಸುಪಾಸಿನಲ್ಲಿ ಕೊಳವೆಯ ಸದ್ದು ಕೋನಿನ ಸದ್ದಿಗೆ ಕೈಜೋಡಿಸುತ್ತದೆ. 1932ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಬಾಸ್ ರಿಫ್ಲೆಕ್ಸ್, ವೆಂಟೆಡ್, ಪೋರ್ಟೆಡ್ ಎಲ್ಲವೂ ಇದೇ.

ತೊಂದರೆ ಇದ್ದದ್ದು ಅಳತೆಯಲ್ಲಿ. ಲೆಕ್ಕ ತಪ್ಪಿದರೆ ಯಾವ ಹಾಡಿಗೂ ಅದೇ ಧುಂ ಧುಂ. ಇದನ್ನು ಹದಕ್ಕೆ ತಂದವರು ಆಸ್ಟ್ರೇಲಿಯಾದ ನೆವಿಲ್ ಥೀಲ್, 1961ರ ಒಂದು ಪ್ರಬಂಧದಲ್ಲಿ. ಆ ಪ್ರಬಂಧ ಅಮೆರಿಕದ ಆಡಿಯೋ ಪತ್ರಿಕೆಯಲ್ಲಿ ಮತ್ತೆ ಅಚ್ಚಾಗಲು 1971 ಬರಬೇಕಾಯಿತು. ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಸ್ಪೀಕರ್ ಜತೆ ಬರುವ ಹಾಳೆಯಲ್ಲಿ ಎಫ್ಎಸ್ (ಕೋನ್ ತಾನಾಗಿ ಅದುರುವ ಸ್ವರ), ಕ್ಯೂಟಿಎಸ್ (ಆ ಅದುರು ಎಷ್ಟು ಬೇಗ ತಣಿಯುತ್ತದೆ ಎಂಬುದು), ವಿಎಎಸ್ (ಇದರ ಅರ್ಥ ಮುಂದೆ ಬರುತ್ತದೆ) ಅಂತ ಇರುತ್ತದಲ್ಲ, ಅವೇ ಥೀಲ್-ಸ್ಮಾಲ್ ಅಂಕಿಗಳು.

ಇದರ ನಡುವೆ, 1954ರಲ್ಲಿ, ಅಮೆರಿಕದ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಎಆರ್-1 ಎಂಬ ಸ್ಪೀಕರ್ ತಂದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದೇ ಜಾಣ ಹೆಜ್ಜೆ. ಕೋನಿನ ಹಿಡಿತವನ್ನು ಬೇಕೆಂದೇ ಸಡಿಲ ಬಿಟ್ಟು, ಡಬ್ಬದೊಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರು. ಚಿಕ್ಕ ಪೆಟ್ಟಿಗೆಯಿಂದ ಆಳದ ಬಾಸ್ ಬಂತು, ಬದಲಿಗೆ ಆಂಪ್ಲಿಫೈಯರ್ ಜಾಸ್ತಿ ದುಡಿಯಬೇಕಾಯಿತು. ಇದೇ ಅಕೌಸ್ಟಿಕ್ ಸಸ್ಪೆನ್ಷನ್. ಮುಚ್ಚಿದ ಡಬ್ಬವೆಲ್ಲ ಇದಲ್ಲ. ವಿಎಎಸ್ ಅಂದರೆ ಕೋನಿನ ಹಿಡಿತದಷ್ಟೇ ಬಿಗಿ ಇರುವ ಗಾಳಿಯ ಗಾತ್ರ. ಡಬ್ಬ ಅದಕ್ಕಿಂತ ಎಷ್ಟೋ ಚಿಕ್ಕದಿದ್ದರೆ ಮಾತ್ರ ಈ ಹೆಸರು ಒಪ್ಪುತ್ತದೆ.

ಪೆಟ್ಟಿಗೆಯ ಇನ್ನೊಂದು ಬಗೆಯಾದ ಟ್ರಾನ್ಸ್‌ಮಿಷನ್ ಲೈನ್ ಅಂದರೆ ಬೆನ್ನ ಸದ್ದನ್ನು ಉಣ್ಣೆಯಂಥದ್ದು ತುಂಬಿದ ಉದ್ದನೆಯ ಸುರಂಗದಲ್ಲಿ ಓಡಿಸಿ ದಣಿಸುವುದು. ಹಾರ್ನ್ ಕಥೆ ಬೇರೆಯೇ. ಅದರ ಕೆಲಸ ಕಡಿಮೆ ಕರೆಂಟಿನಲ್ಲಿ ಜೋರು ಸದ್ದು. ಜಾತ್ರೆಯಲ್ಲಿ ಮರಕ್ಕೆ ಕಟ್ಟುವುದೂ ಹಾರ್ನೇ. ನಾವು ಅದನ್ನು ಮೈಕ್ ಅಂತೀವಿ, ಅದು ಇನ್ನೊಂದು ಗೊಂದಲ!

ಮನೆಯ ಪೆಟ್ಟಿಗೆ ಯಾವ ಜಾತಿ ಅಂತ ತಿಳಿಯಲು ಮೊದಲು ಹಿಂದೆ ಮುಂದೆ ಕೊಳವೆ ಇದೆಯಾ ನೋಡಿ. ಇಲ್ಲದಿದ್ದರೆ ದೊಡ್ಡ ಕೋನನ್ನು ಮೆಲ್ಲಗೆ ಒಳಗೆ ಒತ್ತಿ ಬಿಡಿ. ಗಾಳಿಯಾಡದ ಹಾಗೆ ಮುಚ್ಚಿದ್ದರೆ ಅದು ಸಾವಕಾಶವಾಗಿ ಮೇಲೇಳುತ್ತದೆ.