ಶಾಲೆಯಿಂದ ಬಂದ ಮಗುವಿನ ಪಾಲಿಗೊಂದು ಮನೆಗೆಲಸ

ಮಕ್ಕಳು ಸ್ವಭಾವತಃ ಮೈಗಳ್ಳರು, ಗದರಿಸಿಯೋ ಆಸೆ ತೋರಿಸಿಯೋ ಅವರಿಂದ ಮನೆಗೆಲಸ ಮಾಡಿಸಬೇಕು ಎಂದು ಅನೇಕ ಹಿರಿಯರು ನಂಬಿದ್ದಾರೆ. ಪ್ರಯೋಗಗಳು ಹೇಳುವುದು ಬೇರೆ. 2006ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೀಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲ್ಲೊ ಎಂಬ ವಿಜ್ಞಾನಿಗಳು 18 ತಿಂಗಳ 24 ಮಕ್ಕಳನ್ನು ಪರೀಕ್ಷಿಸಿದರು. ಬಟ್ಟೆ ಒಣಹಾಕುತ್ತಿದ್ದವನ ಕೈಯಿಂದ ಕ್ಲಿಪ್ ಜಾರಿ ಬೀಳುತ್ತದೆ. ಅವನು ಕೈ ಚಾಚಿದರೂ ಎಟುಕುವುದಿಲ್ಲ. ಇಂಥ ಸಂದರ್ಭಗಳಲ್ಲಿ ಬಹುತೇಕ ಮಕ್ಕಳು ಯಾರೂ ಹೇಳದೆಯೇ ಒಮ್ಮೆಯಾದರೂ ನೆರವಿಗೆ ಬಂದವು. ವಸ್ತುವನ್ನು ಬೇಕೆಂದೇ ಎಸೆದಾಗ ಮಾತ್ರ ಅವು ಅಷ್ಟು ಉತ್ಸಾಹ ತೋರಲಿಲ್ಲ, ಎಂದರೆ ಎದುರಿನವರಿಗೆ ಏನು ಬೇಕಾಗಿದೆ ಎಂಬುದು ಅವಕ್ಕೆ ತಿಳಿದಿತ್ತು.

ಹುಟ್ಟಿನೊಡನೆ ಬಂದಂತಿರುವ ಈ ಒಲವು ಶಾಲೆಗೆ ಹೋಗುವ ವಯಸ್ಸಿಗೆ ಬತ್ತಿದ್ದರೆ, ಅದಕ್ಕೆ ಹಿರಿಯರ ಅವಸರವೂ ಒಂದು ಕಾರಣ ಎಂಬುದು ನನ್ನ ಅಭಿಪ್ರಾಯ. ಮೂರು ವರ್ಷದ ಮಗು ಪೊರಕೆ ಹಿಡಿದರೆ ಕಸ ಇನ್ನಷ್ಟು ಹರಡುತ್ತದೆ ನಿಜ. ಆದರೆ ಆಗ ‘ನೀನು ಆಡ್ಕೋ ಹೋಗು’ ಎಂದು ಕಳಿಸಿದವರೇ ಹತ್ತು ವರ್ಷವಾದಾಗ ‘ಒಂದು ಕೆಲಸಕ್ಕೂ ಕೈ ಹಾಕುವುದಿಲ್ಲ’ ಎಂದು ಗೊಣಗುತ್ತಾರೆ.

ಕೆಲಸದಿಂದ ಮಿದುಳಿಗೆ ಏನು ಸಿಗುತ್ತದೆ? ಒಗೆದ ಬಟ್ಟೆ ಮಡಚುವ ಮಗುವನ್ನು ಗಮನಿಸಿ. ಯಾವುದು ಯಾರದೆಂದು ವಿಂಗಡಿಸುತ್ತದೆ, ಒಂಟಿ ಕಾಲುಚೀಲದ ಜೋಡಿ ಸಿಗುವವರೆಗೆ ಅದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ, ನಡುವೆ ಆಟದತ್ತ ಓಡುವ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಯೋಜನೆ, ತತ್ಕಾಲದ ನೆನಪು, ಸಂಯಮ ಈ ಮೂರರಲ್ಲೂ ಹಣೆಯ ಹಿಂದಿರುವ ಮಿದುಳಿನ ಮುಂಭಾಗದ ಪಾತ್ರ ದೊಡ್ಡದು. ಅದು ಪೂರ್ತಿ ಬಲಿಯಲು ಇಪ್ಪತ್ತರ ಹರೆಯದ ನಡುಭಾಗದವರೆಗೂ ಕಾಲ ಬೇಕು. 5ರಿಂದ 13 ವರ್ಷದ ಮಕ್ಕಳ 207 ಪೋಷಕರ ಉತ್ತರಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವು, ತಮ್ಮ ಕೆಲಸವನ್ನೂ ಮನೆಯವರ ಕೆಲಸವನ್ನೂ ಮಾಡುವ ಮಕ್ಕಳಲ್ಲಿ ಇಂಥ ನೆನಪು ಮತ್ತು ಸಂಯಮ ಹೆಚ್ಚಾಗಿರುವುದನ್ನು ಗುರುತಿಸಿತು. ಇದು ನಂಟು ಮಾತ್ರ. ಮನೆಗೆಲಸವೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ.

ಕೆಲಸಕ್ಕೆ ಪ್ರತಿಫಲ ಕೊಡುವ ಮುನ್ನ ಯೋಚಿಸಬೇಕು. ಅದೇ ಇಬ್ಬರು ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಹಾಯಕ್ಕೆ ವಸ್ತುರೂಪದ ಬಹುಮಾನ ಪಡೆದ 20 ತಿಂಗಳ ಮಕ್ಕಳು, ಬಹುಮಾನ ನಿಂತ ಮೇಲೆ, ಏನನ್ನೂ ಪಡೆಯದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದವು.

ಶಾಲೆಯಿಂದ ದಣಿದು ಬಂದ ಕೂಡಲೇ ಕೆಲಸ ಹೇರುವುದು ಸಲ್ಲದು. ಏನಾದರೂ ತಿಂದು, ಸ್ವಲ್ಪ ಆಡಿದ ಮೇಲೆ, ದಿನವೂ ಅದೇ ಹೊತ್ತಿಗೆ ಅದೇ ಕೆಲಸ ಎಂದಾದರೆ ಚೌಕಾಸಿ ತಾನಾಗಿ ಕಡಿಮೆಯಾಗುತ್ತದೆ. ಆದರೆ ಆ ಕೆಲಸ ಮಗಳ ಪಾಲಿಗೆ ಮಾತ್ರ ಬೀಳಬಾರದು. 5ರಿಂದ 14 ವರ್ಷದ ಹುಡುಗಿಯರು ಹುಡುಗರಿಗಿಂತ ಮನೆಗೆಲಸದಲ್ಲಿ ಶೇ. 40ರಷ್ಟು ಹೆಚ್ಚು ಸಮಯ ಕಳೆಯುತ್ತಾರೆಂದು ಯುನಿಸೆಫ್ 2016ರಲ್ಲಿ ಅಂದಾಜಿಸಿತ್ತು. ಆ ಹೆಚ್ಚುವರಿ ಸಮಯ ಅವರ ಓದು ಮತ್ತು ಆಟದಿಂದಲೇ ಕಡಿತವಾಗುತ್ತದೆ.