ಹೆಸರು ಬಾರದಿದ್ದರೆ ವಸ್ತುವೇ ಮರೆತುಹೋಗಿದೆ ಎಂದರ್ಥವೇ?

ಪ್ರಶ್ನೆ: ಪಾರ್ಶ್ವವಾಯುವಾದ ಮೇಲೆ ನಮ್ಮ ತಂದೆಗೆ ಬಾಚಣಿಗೆ ತೋರಿಸಿ ಇದೇನೆಂದು ಕೇಳಿದರೆ ಹೇಳಲು ಬರುವುದಿಲ್ಲ; ಕೈಗೆ ಕೊಟ್ಟರೆ ತಲೆ ಬಾಚಿಕೊಳ್ಳುತ್ತಾರೆ. ಇದು ಮರೆವಿನ ರೋಗವೇ?

ಉತ್ತರ: ಕೈಗೆ ಕೊಟ್ಟರೆ ತಲೆ ಬಾಚಿಕೊಳ್ಳುತ್ತಾರೆ ಎಂಬ ನಿಮ್ಮ ಮಾತಿನಲ್ಲೇ ಸಮಾಧಾನದ ಸಂಗತಿಯಿದೆ. ವಸ್ತುವನ್ನು ಗುರುತಿಸುವುದು, ಅದರ ಅರ್ಥವನ್ನು ಅರಿಯುವುದು, ಅದರ ಹೆಸರಿನ ಧ್ವನಿಗಳನ್ನು ಹುಡುಕಿ ತೆಗೆಯುವುದು, ಆ ಧ್ವನಿಗಳನ್ನು ಬಾಯಿಂದ ಹೊರಡಿಸುವುದು ಇವು ಮಿದುಳಿನಲ್ಲಿ ಬೇರೆಬೇರೆ ಹಂತಗಳು. ಇವುಗಳಲ್ಲಿ ಒಂದು ಕೆಟ್ಟರೂ ಉಳಿದವು ಸುಸ್ಥಿತಿಯಲ್ಲಿರಬಹುದು. ಪಾರ್ಶ್ವವಾಯುವಿನಿಂದ ಭಾಷೆಗೆ ಆಗುವ ಇಂಥ ಹಾನಿಗೆ ಅಫೇಸಿಯಾ ಎಂದೂ, ಮುಖ್ಯವಾಗಿ ಹೆಸರು ಹೊಳೆಯದಿರುವ ತೊಂದರೆಗೆ ಅನೋಮಿಯಾ ಎಂದೂ ಹೆಸರು. ಬಹುತೇಕರಲ್ಲಿ ಭಾಷೆಯ ಹೊಣೆ ಎಡ ಮಿದುಳಿನದು; ದೇಹದ ಬಲಭಾಗವನ್ನು ನಡೆಸುವುದೂ ಅದೇ. ಹಾಗಾಗಿ ಬಲಗೈ ಸೋತವರಲ್ಲಿ ಮಾತಿನ ತೊಂದರೆಯೂ ಜೊತೆಗೂಡಿರುವುದು ಹೆಚ್ಚು.

ತೊಡಕು ಎಲ್ಲಿದೆಯೆಂಬುದನ್ನು ಭಾಷಾ ಚಿಕಿತ್ಸಕರು ಸರಳವಾಗಿಯೇ ಪರೀಕ್ಷಿಸುತ್ತಾರೆ. ಬಾಚಣಿಗೆ, ಬೀಗ, ಗಡಿಯಾರಗಳನ್ನು ಎದುರಿಗಿಟ್ಟು "ಬಾಚಣಿಗೆ ಯಾವುದು?" ಎಂದರೆ ರೋಗಿ ಸರಿಯಾಗಿ ಬೆರಳು ತೋರಿಸುತ್ತಾರೆ, ಹೆಸರು ಕೇಳಿದರೆ ಮಾತ್ರ "ಅದೇ... ಕೂದಲಿಗೆ... ಹೀಗೆ" ಎಂದು ಕೈಯಾಡಿಸುತ್ತಾರೆ. ಆಗ "ಬಾ..." ಎಂದು ಮೊದಲ ಅಕ್ಷರವನ್ನಷ್ಟೇ ಎತ್ತಿಕೊಟ್ಟರೆ ಎಷ್ಟೋ ಸಲ ಇಡೀ ಪದ ಥಟ್ಟನೆ ಹೊರಬರುತ್ತದೆ. ಪದ ಅಳಿದುಹೋಗಿಲ್ಲ, ಅದರ ಬಳಿಗೆ ಹೋಗುವ ದಾರಿ ದುರ್ಬಲವಾಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು.

ಸಿಮ್ಯಾಂಟಿಕ್ ಡಿಮೆನ್ಷಿಯಾ ಎಂಬ ಮರೆವಿನ ರೋಗದಲ್ಲಿ ಚಿತ್ರ ಬೇರೆ. ಅಲ್ಲಿ ಮಿದುಳಿನ ಎರಡೂ ಪಕ್ಕಗಳಲ್ಲಿ, ಕಿವಿಗಳ ಮಟ್ಟದಲ್ಲಿರುವ ಹಾಲೆಗಳ (ಟೆಂಪೊರಲ್ ಲೋಬ್) ಮುಂಭಾಗ ಮೆಲ್ಲಗೆ ಸವೆದು ಅರ್ಥವೇ ಕರಗುತ್ತದೆ: ಹಂಸ ಮೊದಲು ಬರಿಯ "ಹಕ್ಕಿ"ಯಾಗಿ, ಆಮೇಲೆ "ಪ್ರಾಣಿ"ಯಾಗಿಬಿಡುತ್ತದೆ. ಮೊದಲಕ್ಷರ ಕೊಟ್ಟರೂ ಹೆಚ್ಚಿನ ಪ್ರಯೋಜನವಿಲ್ಲ, ಪದವನ್ನು ಹೇಳಿದರೆ "ಹಾಗೆಂದರೇನು?" ಎಂದು ಕೇಳುವವರೂ ಇದ್ದಾರೆ. 1874ರಲ್ಲಿ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ವಿವರಿಸಿದ ಅಫೇಸಿಯಾದ ಬಗೆ ಮತ್ತೊಂದು. ಅದರಲ್ಲಿ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಪದಗಳು ತಪ್ಪಿರುತ್ತವೆ, ಕೇಳಿದ್ದು ಸರಿಯಾಗಿ ಅರ್ಥವಾಗುವುದಿಲ್ಲ. ಇನ್ನೂ ಅಚ್ಚರಿಯದೆಂದರೆ, 1984ರಲ್ಲಿ ನರಮನೋವಿಜ್ಞಾನಿಗಳಾದ ಎಲಿಜಬೆತ್ ವಾರಿಂಗ್ಟನ್ ಮತ್ತು ಟಿಮ್ ಶಾಲಿಸ್ ವರದಿ ಮಾಡಿದ, ಹರ್ಪಿಸ್ ವೈರಾಣುವಿನಿಂದ ಮಿದುಳಿನ ಉರಿಯೂತವಾಗಿದ್ದ ರೋಗಿಗಳಿಗೆ ನಿರ್ಜೀವ ವಸ್ತುಗಳು ಸಾಕಷ್ಟು ತಿಳಿಯುತ್ತಿದ್ದರೂ ಪ್ರಾಣಿ, ಸಸ್ಯಗಳ ವಿಷಯದಲ್ಲಿ ತೀರ ತಡವರಿಸುತ್ತಿದ್ದರು.

ನಿಮ್ಮ ತಂದೆಯ ತೊಂದರೆ ಯಾವುದೆಂದು ಪರೀಕ್ಷೆಯಾದ ಮೇಲೆಯೇ ಖಚಿತವಾಗಿ ಹೇಳಬಹುದು. ನೀವು ಬರೆದಿರುವುದನ್ನು ನೋಡಿದರೆ ಅನೋಮಿಯಾದ ಸಾಧ್ಯತೆಯೇ ಹೆಚ್ಚು. ಚೇತರಿಕೆ ಮೊದಲ ಕೆಲವು ತಿಂಗಳಲ್ಲಿ ವೇಗವಾಗಿರುತ್ತದೆ, ಆಮೇಲೂ ಅಭ್ಯಾಸದಿಂದ ಸುಧಾರಣೆ ಸಾಧ್ಯ. ಆದ್ದರಿಂದ ಚಿಕಿತ್ಸೆಯನ್ನು ತಡಮಾಡಬೇಡಿ. ಮನೆಯಲ್ಲಿ ಅವರು ಪದ ಹುಡುಕುತ್ತಿರುವಾಗ ದಯವಿಟ್ಟು ತಾವೇ ಮುಂದಾಗಿ ವಾಕ್ಯ ಮುಗಿಸಬೇಡಿ. ಸ್ವಲ್ಪ ಕಾಯಿರಿ, ಬಾರದಿದ್ದರೆ ಮೊದಲ ಅಕ್ಷರ ಕೊಡಿ, ಅದಕ್ಕೂ ಬಾರದೆ ಅವರು ಕೈಸನ್ನೆ ಮಾಡಿದರೆ ಅದನ್ನೇ ಉತ್ತರವೆಂದು ಒಪ್ಪಿಕೊಂಡು ಮಾತು ಮುಂದುವರಿಸಿ.