‘ಗೆಟ್’ ಒಳಗೆ ನಮ್ಮ ‘ಇಸು’ ಇದೆ

ಸಕಲೇಶಪುರದ ಹತ್ತಿರ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವ, ಆಗಿರುವ ಹುಡುಗನೊಬ್ಬ ಹಾಸನದ ನನ್ನ ಇಂಗ್ಲಿಷ್ ಕ್ಲಾಸಿಗೆ ಬರುತ್ತಾನೆ. ತೋಟದ ಸಾಹುಕಾರರು ಇರುವುದು ಬೆಂಗಳೂರಿನಲ್ಲಿ. ವಾರಕ್ಕೊಮ್ಮೆ ಅವರಿಗೆ ಇಂಗ್ಲಿಷಿನಲ್ಲಿ ವರದಿ ಕಳಿಸಬೇಕು. ಮಳೆ ಹಿಡಿಯುವ ಮುಂಚೆ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿದ ವಾರ ಅವನು ಬರೆದಿದ್ದ: ‘ಐ ಲಾಪ್ಡ್ ದ ಶೇಡ್ ಟ್ರೀಸ್ ಇನ್ ಫೈವ್ ಏಕರ್ಸ್.’ ಓದಿದರೆ, ಇವನೇ ಕತ್ತಿ ಹಿಡಿದು ಮರ ಹತ್ತಿ ಐದು ಎಕರೆಯ ಕೊಂಬೆ ಕಡಿದ ಹಾಗಿದೆ.

‘ಇದನ್ನೇ ಕನ್ನಡದಲ್ಲಿ ಹೇಳಪ್ಪ’ ಅಂದೆ.

‘ಐದು ಎಕರೆ ಮರಗಸಿ ಮಾಡಿಸಿದೆ ಸಾರ್.’

ನೋಡಿ, ಬಾಯಲ್ಲಿ ‘ಮಾಡಿಸಿದೆ’ ತಾನಾಗಿ ಬಂತು. ಇಂಗ್ಲಿಷಿಗೆ ಹೋಗುವಾಗ ಆ ‘ಇಸು’ ಬಿದ್ದುಹೋಗಿತ್ತು. ಅದನ್ನು ಉಳಿಸಿಕೊಳ್ಳಲು ಇರುವ ಪದವೇ ‘ಗೆಟ್’: ‘ಐ ಗಾಟ್ ದ ಶೇಡ್ ಟ್ರೀಸ್ ಲಾಪ್ಡ್.’

ಇಷ್ಟು ವರ್ಷ ಪಾಠ ಮಾಡಿ ನನಗೆ ಅನ್ನಿಸಿರುವುದು ಇದು. ‘ಗೆಟ್’ ಅಂದರೆ ‘ಸಿಗು’, ‘ಪಡೆ’ ಅಂತ ಶಾಲೆಯಲ್ಲಿ ಉರು ಹೊಡೆದಿರುತ್ತೇವೆ. ತಪ್ಪಲ್ಲ. ಹಳೆಯ ನಾರ್ಸ್ ಭಾಷೆಯ ‘ಗೆಟಾ’ದಿಂದ ಇಂಗ್ಲಿಷಿಗೆ ಬಂದ ಪದ ಅದು, ಮೂಲ ಅರ್ಥ ಪಡೆಯುವುದೇ. ಆದರೆ ಅಲ್ಲೇ ನಿಂತುಬಿಟ್ಟರೆ ಅದರ ಮುಕ್ಕಾಲು ಕೆಲಸ ಕೈಗೆ ಬರುವುದಿಲ್ಲ.

ಕಟಿಂಗ್ ಮಾಡಿಸ್ಕೊಂಡೆ, ಬೈಕ್ ರಿಪೇರಿ ಮಾಡಿಸಿದೆ, ರವಿಕೆ ಹೊಲಿಸಿದೆ: ದಿನಕ್ಕೆ ಎಷ್ಟು ಸಲ ಹೀಗೆ ಮಾತಾಡುತ್ತೇವೆ ಅಲ್ವಾ? ಇವೆಲ್ಲ ‘ಗೆಟ್’ನ ಜಾಗ. ಸರಿಮಾಡಿಕೊಳ್ಳಬೇಕಾದ್ದು ಪದಗಳ ಸಾಲು ಮಾತ್ರ. ‘ಐ ಗಾಟ್ ರಿಪೇರ್ಡ್ ಮೈ ಬೈಕ್’ ಅಂತ ತುಂಬಾ ಜನ ಹೇಳುತ್ತಾರೆ. ಬೈಕ್ ಮಧ್ಯಕ್ಕೆ ಬರಬೇಕು: ‘ಐ ಗಾಟ್ ಮೈ ಬೈಕ್ ರಿಪೇರ್ಡ್.’ ‘ಗಾಟ್’ ಬದಲು ‘ಹ್ಯಾಡ್’ ಹಾಕಿದರೂ ನಡೆಯುತ್ತೆ, ಸ್ವಲ್ಪ ಗಂಭೀರವಾಗಿ ಕೇಳಿಸುತ್ತೆ ಅಷ್ಟೆ. ಎಲ್ಲ ಕಡೆಯೂ ಇದು ಕಡ್ಡಾಯವಲ್ಲ. ‘ಐ ಬಿಲ್ಟ್ ಎ ಹೌಸ್’ ಅಂದರೆ ನೀವೇ ಇಟ್ಟಿಗೆ ಹೊತ್ತಿರಿ ಅಂತ ಯಾರೂ ತಿಳಿಯುವುದಿಲ್ಲ.

ಇನ್ನೊಂದು ದೊಡ್ಡ ಕೆಲಸ ನಮ್ಮ ‘ಆಗು’. ‘ಐ ಆಮ್ ಟೈರ್ಡ್’ ಅಂದರೆ ಸುಸ್ತಾಗಿದೆ. ‘ಐ ಗಾಟ್ ಟೈರ್ಡ್’ ಅಂದರೆ ಸುಸ್ತಾಯ್ತು. ಮೊದಲನೆಯದು ಈಗಿನ ಸ್ಥಿತಿ, ಎರಡನೆಯದು ನಡೆದ ಬದಲಾವಣೆ. ಇಂಟರ್‌ವ್ಯೂಗೆ ತಯಾರಾಗುವವರು ‘ಐ ಆಮ್ ಮ್ಯಾರೀಡ್ ಇನ್ 2019’ ಅನ್ನುವುದನ್ನು ಜಾಸ್ತಿ ಕೇಳುತ್ತೇನೆ. ಇಸವಿ ಹೇಳಿದ ಮೇಲೆ ಅದು ಆಗಿಹೋದ ಸಂಗತಿ. ‘ಮದುವೆ ಆಯ್ತು’ ಅನ್ನುವ ಆ ‘ಆಯ್ತು’ ಬೇಕು: ‘ಐ ಗಾಟ್ ಮ್ಯಾರೀಡ್ ಇನ್ 2019.’

ಬಸ್ಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ‘ಐ ಗಾಟ್ ಡೌನ್ ಅಟ್ ಚನ್ನರಾಯಪಟ್ಟಣ’ ಅಂದರೆ ನಮ್ಮ ದೇಶದಲ್ಲಿ ಎಲ್ಲರಿಗೂ ಗೊತ್ತಾಗುತ್ತೆ, ಸುಮ್ನೆ ಹೆದರಬೇಡಿ. ಹೊರದೇಶದವರ ಜೊತೆ ಮಾತಾಡುವಾಗ ಬಸ್ಸು, ರೈಲು, ಬೈಕಿಗೆ ‘ಗೆಟ್ ಆಫ್’, ಕಾರಿಗೆ ‘ಗೆಟ್ ಔಟ್ ಆಫ್’ ಅನ್ನಿ. ಏಣಿಯಿಂದ, ಮರದಿಂದ ಇಳಿಯುವುದಕ್ಕೆ ‘ಗೆಟ್ ಡೌನ್’ ಸರಿಯಾಗಿದೆ.

ಮೊನ್ನೆ ಅದೇ ಹುಡುಗ ಒಂದು ಒಳ್ಳೆಯ ಪ್ರಶ್ನೆ ಕೇಳಿದ. ‘ಆಳುಗಳಿಂದ ಮಾಡಿಸಿದೆ ಅಂತ ಅವರನ್ನೂ ಸೇರಿಸಿ ಹೇಳಬೇಕಾದ್ರೆ?’ ಆಗ ‘ಟು’ ಬರುತ್ತೆ: ‘ಐ ಗಾಟ್ ದೆಮ್ ಟು ಲಾಪ್ ದ ಟ್ರೀಸ್.’ ಇದರಲ್ಲಿ ಹೇಳಿ, ಒಪ್ಪಿಸಿ ಮಾಡಿಸಿದ ಛಾಯೆ ಇರುತ್ತೆ. ‘ಮೇಡ್’ ಹಾಕಿದರೆ ‘ಟು’ ಹೋಗುತ್ತೆ, ಜೊತೆಗೆ ಬಲವಂತ ಸೇರಿಕೊಳ್ಳುತ್ತೆ: ‘ಐ ಮೇಡ್ ದೆಮ್ ಲಾಪ್ ದ ಟ್ರೀಸ್.’ ಅಜ್ಜಿಗೆ ಪುಸಲಾಯಿಸಿ ಮಾತ್ರೆ ನುಂಗಿಸುವುದು ‘ಗೆಟ್’. ಮೂಗು ಹಿಡಿದು ನುಂಗಿಸಿದರೆ ಅದು ‘ಮೇಕ್’.

ಅವನು ಸ್ವಲ್ಪ ಹೊತ್ತು ಯೋಚಿಸಿ, ವರದಿಯಲ್ಲಿ ‘ಗಾಟ್ ದೆಮ್ ಟು’ ಅಂತಲೇ ಬರೆದ.